ಕಸ್ತೂರಬಾ ಮತ್ತು ಅವರ ಹಿರಿಯ ಮಗ

ಮಹಾಪುರುಷರ ಚರಿತ್ರೆಗಳನ್ನು ಓದುವಾಗ ಮನೆಯವರ ವಿಷಯ ಬಂದೊಡನೆ ನಾವು ಪುಟಗಳನ್ನು ಬೇಗ ಬೇಗ ತಿರುವುವುದುಂಟು. ಸಭೆ, ಸೆರೆಮನೆ, ಉಪವಾಸ, ಒಪ್ಪಂದ ಇವುಗಳ ನಡುವೆ ಅಡಿಗೆಯ ಮನೆಯಲ್ಲಿ ನಿಂತವಳ ಕಥೆಗೆ ಅರ್ಧ ಪುಟ ದೊರೆತರೆ ಹೆಚ್ಚು. ಕಸ್ತೂರಬಾ ಗಾಂಧಿಯವರ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಪತಿಯನ್ನು ನೆರಳಿನಂತೆ ಅನುಸರಿಸಿದ ಸಾಧ್ವಿ ಎಂದು ಒಂದು ಮಾತು ಹೇಳಿ ನಾವು ಕೈಮುಗಿದು ಮುಂದೆ ಹೋಗುತ್ತೇವೆ. ಆದರೆ ಅವರ ಬಾಳಿನಲ್ಲಿ ಪತಿಯ ಬಾಳಿನೊಡನೆ ಪೂರ್ತಿ ಬೆರೆಯದೆ ಉಳಿದ ಎಳೆಯೊಂದಿತ್ತು. ಅದು ಹಿರಿಯ ಮಗ ಹರಿಲಾಲನದು. ಬೆಳೆದು ದೊಡ್ಡವನಾಗಿ ದಾರಿ ತಪ್ಪಿದ ಮಗನಿಗೆ ಹೆತ್ತವರು ಎಲ್ಲಿಯವರೆಗೆ ಕೈಕೊಡಬೇಕು, ಎಲ್ಲಿ ಕೈ ಹಿಂದೆಗೆಯಬೇಕು ಎಂಬ ಪ್ರಶ್ನೆ ಆ ತಾಯಿಯನ್ನು ಕಾಡಿದಷ್ಟು ಕಾಲ ಇನ್ನಾವುದೂ ಕಾಡಲಿಲ್ಲವೆಂದು ನನಗೆ ತೋರುತ್ತದೆ. ಆ ಒಂದು ಎಳೆಯನ್ನು ಹಿಡಿದು ಅವರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ನೋಡಬಯಸುತ್ತೇನೆ.

ಕಸ್ತೂರಬಾ ಹುಟ್ಟಿದ್ದು 1869ರ ಏಪ್ರಿಲಿನಲ್ಲಿ, ಕಾಠಿಯಾವಾಡದ ಪೋರಬಂದರಿನಲ್ಲಿ. ತಂದೆ ಗೋಕುಳದಾಸ ಮಕನಜಿ ಸ್ಥಿತಿವಂತ ವ್ಯಾಪಾರಿ. ಆ ಕಾಲದ ಮನೆತನಗಳಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವ ರೂಢಿಯಿರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಸಮವಯಸ್ಕನಾದ ಮೋಹನದಾಸನೊಡನೆ ಮದುವೆಯಾಯಿತು. ಮೊದಲ ಮಗು 1885ರಲ್ಲಿ ಹುಟ್ಟಿ ಕೆಲವೇ ದಿನಗಳಲ್ಲಿ ತೀರಿಕೊಂಡಿತು. ಅದಾದ ಮೂರು ವರ್ಷಗಳ ಮೇಲೆ, 1888ರಲ್ಲಿ, ಹರಿಲಾಲ ಹುಟ್ಟಿದನು. ಅವನಿನ್ನೂ ಹಸುಗೂಸಾಗಿದ್ದಾಗಲೇ, ಆ ವರ್ಷದ ಸೆಪ್ಟೆಂಬರಿನಲ್ಲಿ, ತಂದೆ ಬ್ಯಾರಿಸ್ಟರ್ ಪದವಿಗಾಗಿ ಲಂಡನ್ನಿಗೆ ಹಡಗು ಹತ್ತಿದರು. ಹಿಂದಿರುಗಿದ್ದು 1891ರಲ್ಲಿ. ಸುಮಾರು ಮೂರು ವರ್ಷಗಳ ಕಾಲ ರಾಜಕೋಟೆಯ ತುಂಬಿದ ಮನೆಯಲ್ಲಿ ಹತ್ತೊಂಬತ್ತರ ತಾಯಿಗೆ ಆ ಮಗುವೇ ಸಂಗಾತಿ. ಒಂದು ಮಗುವನ್ನು ಕಳೆದುಕೊಂಡವಳು, ಗಂಡ ಸಮುದ್ರದಾಚೆಗಿರುವವಳು, ಓದಲು ಬಾರದವಳು. ಇಂಥವಳಿಗೆ ಆ ಕೂಸು ಏನಾಗಿದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ. ಮುಂದೆ ಮಣಿಲಾಲ, ರಾಮದಾಸ, ದೇವದಾಸ ಎಂಬ ಮೂವರು ಗಂಡುಮಕ್ಕಳು ಹುಟ್ಟಿದರು. ಆದರೆ ಆ ಮೊದಲ ವರ್ಷಗಳ ಒಡನಾಟ ಅವರಾರ ಪಾಲಿಗೂ ಬರುವಂತಿರಲಿಲ್ಲ.

1896ರ ಕೊನೆಯಲ್ಲಿ ಕಸ್ತೂರಬಾ ಮಕ್ಕಳೊಡನೆ ದಕ್ಷಿಣ ಆಫ್ರಿಕಕ್ಕೆ ಹೊರಟರು. ಅಲ್ಲಿ ಗಾಂಧೀಜಿಯವರ ಜೀವನ ತೀವ್ರವಾಗಿ ಬದಲಾಗುತ್ತಿತ್ತು. ಆ ಬದಲಾವಣೆಗಳಲ್ಲಿ ಪತ್ನಿಯ ಅನುಮತಿ ಕೇಳಿ ಮಾಡಿದವು ಕಡಿಮೆ. 1901ರಲ್ಲಿ ಅವರು ಭಾರತಕ್ಕೆ ಮರಳುವಾಗ ಅಲ್ಲಿನ ಭಾರತೀಯರು ಬೆಲೆಬಾಳುವ ಕಾಣಿಕೆಗಳನ್ನಿತ್ತರು. ಅವುಗಳಲ್ಲಿ ಕಸ್ತೂರಬಾ ಅವರಿಗೆಂದೇ ಕೊಟ್ಟ ಚಿನ್ನದ ಹಾರವೂ ಇತ್ತು. ಸಾರ್ವಜನಿಕ ಸೇವೆಗೆ ಬಂದುದನ್ನು ಸ್ವಂತಕ್ಕೆ ಇಟ್ಟುಕೊಳ್ಳಬಾರದೆಂದು ಗಾಂಧೀಜಿ ಹಠ ಹಿಡಿದರು. ಕಸ್ತೂರಬಾ ಒಪ್ಪಲಿಲ್ಲ. ತನಗೆ ಬೇಡವಾದರೂ ನಾಳೆ ಬರುವ ಸೊಸೆಯರಿಗೆ ಬೇಡವೇ ಎಂಬುದು ಅವರ ವಾದ. ಮಕ್ಕಳನ್ನು ಈಗಲೇ ಸಂನ್ಯಾಸಿಗಳನ್ನಾಗಿ ಮಾಡಲು ಹೊರಟಿದ್ದೀರೆಂದು ಅವರು ಆಕ್ಷೇಪಿಸಿದರಂತೆ. ಕೊನೆಗೆ ಕಾಣಿಕೆಗಳೆಲ್ಲ ನ್ಯಾಸಕ್ಕೆ ಸೇರಿದವು. ಈ ಪ್ರಸಂಗವನ್ನು ಸಾಮಾನ್ಯವಾಗಿ ಗಾಂಧೀಜಿಯವರ ಅಪರಿಗ್ರಹಕ್ಕೆ ನಿದರ್ಶನವಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ಹೆಂಡತಿಯ ಆಕ್ಷೇಪದಲ್ಲಿ ಒಡವೆಯ ಆಸೆಗಿಂತ ಬೇರೆಯಾದ ಒಂದು ದೂರದೃಷ್ಟಿಯಿತ್ತೆಂದು ಇಂದು ಓದುವವರಿಗೆ ಹೊಳೆಯದೆ ಇರದು. ತಂದೆ ಸ್ವೀಕರಿಸಿದ ವ್ರತ ಮಕ್ಕಳ ಮೇಲೂ ಬೀಳುತ್ತದೆ, ಎಲ್ಲ ಮಕ್ಕಳೂ ಅದನ್ನು ಹೊರಲಾರರು ಎಂಬುದನ್ನು ಆಕೆ ಹತ್ತು ವರ್ಷ ಮುಂಚೆಯೇ ಕಂಡಿದ್ದರು.

ಹರಿಲಾಲನ ವಿಷಯದಲ್ಲಿ ಹಾಗೆಯೇ ಆಯಿತು. ಮಕ್ಕಳನ್ನು ಸರಕಾರಿ ಮಾದರಿಯ ಶಾಲೆಗೆ ಕಳುಹಿಸಬಾರದೆಂಬುದು ಗಾಂಧೀಜಿಯವರ ನಿರ್ಧಾರ. ತಾವೇ ಪಾಠ ಹೇಳಬೇಕೆಂಬ ಸಂಕಲ್ಪವಿದ್ದರೂ ಅವರಿಗೆ ಅದಕ್ಕೆ ಬಿಡುವು ದೊರೆಯುತ್ತಿರಲಿಲ್ಲ. 1904ರಲ್ಲಿ ಕಸ್ತೂರಬಾ ಮತ್ತೆ ಆಫ್ರಿಕಕ್ಕೆ ಹೋದಾಗ ಕಿರಿಯ ಮಕ್ಕಳು ಜೊತೆಗೆ ಹೋದರು. ಹದಿನಾರು ವರ್ಷದ ಹರಿಲಾಲ ಇಲ್ಲಿಯೇ ಉಳಿದನು. 1906ರಲ್ಲಿ ಹರಿದಾಸ ವೋರಾ ಅವರ ಮಗಳು ಗುಲಾಬಳೊಡನೆ ರಾಜಕೋಟೆಯಲ್ಲಿ ಅವನ ಮದುವೆ ನಡೆಯಿತು. ಇಷ್ಟು ಬೇಗ ಮದುವೆ ಬೇಡವೆಂಬುದು ತಂದೆಯ ಅಭಿಪ್ರಾಯವಾಗಿತ್ತು. ಸದ್ಯಕ್ಕೆ ಅವನನ್ನು ಮಗನೆಂದು ಎಣಿಸುವುದನ್ನೇ ಬಿಟ್ಟಿದ್ದೇನೆಂಬ ಅರ್ಥದಲ್ಲಿ ಅವರು ತಮ್ಮ ಅಣ್ಣನಿಗೆ ಬರೆದರು.

ಆದರೂ ಮಗ ತಂದೆಯ ಬಳಿಗೆ ಹೋದನು. 1908ರಿಂದ ಮುಂದಿನ ಮೂರು ವರ್ಷಗಳಲ್ಲಿ ಟ್ರಾನ್ಸ್‌ವಾಲಿನ ಸತ್ಯಾಗ್ರಹದಲ್ಲಿ ಹಲವು ಸಲ ಸೆರೆಮನೆ ಕಂಡು, ಅಲ್ಲಿನ ಭಾರತೀಯರಿಂದ ಕಿರಿಯ ಗಾಂಧಿಯೆನಿಸಿಕೊಂಡನು. ದಾರಿ ತಪ್ಪಿದವನೆಂದು ನಾವು ಬಲ್ಲ ಹರಿಲಾಲ ಮೊದಲು ಹೀಗಿದ್ದನೆಂಬುದನ್ನು ಮರೆಯಬಾರದು. ಅವನಲ್ಲಿ ಧೈರ್ಯವಿತ್ತು, ಬುದ್ಧಿಯಿತ್ತು. ಅವನು ಬಯಸಿದ್ದು ಒಂದನ್ನು: ತಂದೆಯಂತೆ ತಾನೂ ಓದಿ ಬ್ಯಾರಿಸ್ಟರ್ ಆಗಬೇಕು. ಗಾಂಧೀಜಿಯವರ ಮಿತ್ರ ಡಾಕ್ಟರ್ ಪ್ರಾಣಜೀವನ ಮೆಹತಾ ಇಂಗ್ಲೆಂಡಿನಲ್ಲಿ ಓದಲು ವಿದ್ಯಾರ್ಥಿವೇತನ ನೀಡಲು ಮುಂದೆ ಬಂದಾಗ ಅದು ತನಗೆ ಸಿಕ್ಕೀತೆಂದು ಅವನು ಆಶಿಸಿದನು. ಗಾಂಧೀಜಿ ಬಂಧುವಾದ ಛಗನಲಾಲನನ್ನು ಆರಿಸಿದರು. ಅವನು ಕಾಯಿಲೆಯಿಂದ ಹಿಂದಿರುಗಿದ ಮೇಲೆ ಸೊರಾಬಜಿ ಅಡಾಜಾನಿಯಾ ಎಂಬ ಪಾರಸಿ ಸತ್ಯಾಗ್ರಹಿಯನ್ನು. ತನ್ನ ಮಗನೆಂಬ ಕಾರಣಕ್ಕೆ ಲಾಭ ಸಲ್ಲಬಾರದೆಂಬ ತತ್ತ್ವ ಅಲ್ಲಿ ಕೆಲಸ ಮಾಡಿತು. ಆದರೆ ತನ್ನ ಮಗನೆಂಬ ಕಾರಣಕ್ಕೆ ನಷ್ಟ ಸಲ್ಲಬಹುದೇ ಎಂಬ ಪ್ರಶ್ನೆಯನ್ನು ಆ ತತ್ತ್ವ ಕೇಳಿಕೊಳ್ಳಲಿಲ್ಲ. 1911ರಲ್ಲಿ ಹರಿಲಾಲ ಯಾರಿಗೂ ಹೇಳದೆ ಮನೆ ಬಿಟ್ಟನು. ಹೊರಟಾಗ ಅವನ ಸಾಮಾನಿನಲ್ಲಿ ತಂದೆಯ ಭಾವಚಿತ್ರವೊಂದಿತ್ತು. ಡೆಲಗೋವ ಕೊಲ್ಲಿಯವರೆಗೆ ಹೋದವನನ್ನು ಹುಡುಕಿ ಕರೆತಂದರು. ತಂದೆ ಮಗ ರಾತ್ರಿಯೆಲ್ಲ ಮಾತನಾಡಿದರು. ಮರುದಿನ ಮಗ ಭಾರತದ ಹಾದಿ ಹಿಡಿದನು.

ಈ ಎಲ್ಲ ಮಾತುಕತೆಯಲ್ಲಿ ತಾಯಿಯ ಧ್ವನಿ ಕೇಳುವುದು ಬಲು ಕಡಿಮೆ. ಇಷ್ಟು ಮಾತ್ರ ನಿಶ್ಚಯ: ಪತಿಯನ್ನು ಬಿಟ್ಟು ಮಗನ ಪಕ್ಷ ವಹಿಸಲಿಲ್ಲ, ಪತಿಯ ಪಕ್ಷ ವಹಿಸಿ ಮಗನನ್ನು ಮನಸ್ಸಿನಿಂದ ತೆಗೆಯಲೂ ಇಲ್ಲ. ಆಕೆ ಅಂಜುಬುರುಕಿಯಾಗಿರಲಿಲ್ಲ. 1913ರಲ್ಲಿ ಕ್ರೈಸ್ತ ವಿಧಿಯಲ್ಲದ ವಿವಾಹಗಳಿಗೆ ಮಾನ್ಯತೆಯಿಲ್ಲವೆಂಬ ನ್ಯಾಯಾಲಯದ ತೀರ್ಪು ಬಂದಾಗ, ತಾವಾಗಿಯೇ ಸತ್ಯಾಗ್ರಹಕ್ಕೆ ಮುಂದಾಗಿ ಮೂರು ತಿಂಗಳ ಕಠಿಣ ಶಿಕ್ಷೆಯನ್ನು ಪೀಟರ್‌ಮಾರಿಟ್ಸ್‌ಬರ್ಗಿನ ಸೆರೆಮನೆಯಲ್ಲಿ ಅನುಭವಿಸಿ ಬಂದರು. ಹೊರಬಂದಾಗ ಮೈ ಮೂಳೆಯಷ್ಟೇ ಉಳಿದಿತ್ತು. ಇಂಥವರ ಮೌನವನ್ನು ದೌರ್ಬಲ್ಯವೆಂದು ತಿಳಿಯುವುದು ಸರಿಯಾಗದು.

1915ರ ಜನವರಿಯಲ್ಲಿ ಗಾಂಧಿ ದಂಪತಿಗಳು ಭಾರತಕ್ಕೆ ಮರಳಿದರು. ಅದೇ ವರ್ಷ ಹರಿಲಾಲ ತಂದೆಗೆ ದೀರ್ಘವಾದ ಬಹಿರಂಗ ಪತ್ರವೊಂದನ್ನು ಬರೆದು ಅಚ್ಚುಮಾಡಿಸಿದನು. ತಮ್ಮನ್ನು ಓದಿಸಲಿಲ್ಲ, ತಮ್ಮ ಮಾತು ಕೇಳಲಿಲ್ಲ, ತಾಯಿಯನ್ನೂ ಕಠಿಣವಾಗಿ ನಡೆಸಿಕೊಂಡಿರಿ ಎಂಬುದು ಅದರ ಸಾರ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವನು ಸಫಲನಾಗಲಿಲ್ಲ. ಕಲ್ಕತ್ತೆಗೆ ಹೋಗಿ ವ್ಯಾಪಾರಕ್ಕೆ ಕೈಹಾಕಿದನು.

ಆ ಹೊತ್ತಿಗೆ ನಡೆದ ಸಂಗತಿಯೊಂದು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಅಣ್ಣ ಕಷ್ಟದಲ್ಲಿರುವನೆಂದು ಕೇಳಿ, ಎರಡನೆಯ ಮಗ ಮಣಿಲಾಲ ತನ್ನ ವಶದಲ್ಲಿದ್ದ ಆಶ್ರಮದ ಕೆಲವು ನೂರು ರೂಪಾಯಿಗಳನ್ನು ಸಾಲವೆಂದು ಅವನಿಗೆ ಕಳುಹಿಸಿಕೊಟ್ಟನು. ವಿಷಯ ತಿಳಿದ ಗಾಂಧೀಜಿ ಮಣಿಲಾಲನನ್ನು ಆಶ್ರಮದಿಂದ ಹೊರಕ್ಕೆ ಕಳುಹಿಸಿದರು. ಸ್ವಲ್ಪ ಕಾಲದ ಮೇಲೆ ಅವನು ದಕ್ಷಿಣ ಆಫ್ರಿಕಕ್ಕೆ ಹೋದನು. ಅಲ್ಲಿ 1920ರಿಂದ ಇಂಡಿಯನ್ ಒಪಿನಿಯನ್ ಪತ್ರಿಕೆಯನ್ನು ನಡೆಸುತ್ತ 1956ರಲ್ಲಿ ತೀರಿಕೊಂಡನು. ದಾರಿ ತಪ್ಪಿದವನೊಬ್ಬನಿರುವ ಮನೆಯಲ್ಲಿ ದಾರಿ ತಪ್ಪದವರೂ ಬೆಲೆ ತೆರಬೇಕಾಗುತ್ತದೆ. ಕನಿಕರದಿಂದ ಗುಟ್ಟಾಗಿ ಕೊಟ್ಟ ಹಣ ಕೊಟ್ಟವನನ್ನೇ ಮನೆಯಿಂದ ದೂರಮಾಡಿತು. ಪಡೆದವನನ್ನು ಮೇಲೆತ್ತಲೂ ಇಲ್ಲ. ತಾಯಿಗೆ ಅಗಲಿದ ಮಕ್ಕಳು ಇಬ್ಬರಾದರು.

1918ರ ಇನ್‌ಫ್ಲುಯೆಂಜಾ ಜ್ವರ ಹರಿಲಾಲನ ಪತ್ನಿ ಗುಲಾಬಳನ್ನು ಸೆಳೆದೊಯ್ದಿತು. ಅವನನ್ನು ಹಿಡಿದು ನಿಲ್ಲಿಸಿದ್ದ ಗೂಟ ಅದೊಂದೇ ಆಗಿತ್ತೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ತಬ್ಬಲಿಗಳಾದ ಚಿಕ್ಕ ಮಕ್ಕಳ ಪಾಲನೆ ಗುಲಾಬಳ ಸಹೋದರಿಯ ಮೇಲೂ ಅಜ್ಜಿ ಕಸ್ತೂರಬಾ ಅವರ ಮೇಲೂ ಬಿದ್ದಿತು. ನನ್ನ ಮಟ್ಟಿಗೆ ಕಸ್ತೂರಬಾ ಅವರ ವಿವೇಕ ಮೊದಲು ಸ್ಪಷ್ಟವಾಗಿ ಕಾಣುವುದು ಇಲ್ಲಿ. ಮಗನನ್ನು ತಿದ್ದುವುದು ತಮ್ಮ ಕೈಯಲ್ಲಿ ಇರಲಿಲ್ಲ. ಅವನ ಮಕ್ಕಳಿಗೆ ಊಟ ಬಡಿಸುವುದು, ತಲೆ ಬಾಚುವುದು, ಮದುವೆಯ ವಯಸ್ಸಿಗೆ ತರುವುದು ಕೈಯಲ್ಲಿತ್ತು. ಕೈಯಲ್ಲಿದ್ದುದನ್ನು ಮಾಡಿದರು. ಮೊಮ್ಮಗ ರಸಿಕ 1929ರಲ್ಲಿ ಎಳೆಯ ವಯಸ್ಸಿನಲ್ಲಿಯೇ ದೆಹಲಿಯಲ್ಲಿ ಕಾಯಿಲೆಯಿಂದ ತೀರಿಕೊಂಡಾಗ ಆ ದುಃಖವೂ ಅಜ್ಜಿಯ ಪಾಲಿಗೆ ಬಂದಿತು.

ಹರಿಲಾಲ ಒಮ್ಮೆ ಮೇಲೇಳುವನು, ಒಮ್ಮೆ ಬೀಳುವನು. 1921ರ ಅಸಹಕಾರದ ಕಾಲದಲ್ಲಿ ಕಲ್ಕತ್ತೆಯಲ್ಲಿ ಸೆರೆಮನೆಗೂ ಹೋದನು. ಆದರೆ ಕುಡಿತ ಬಲವಾಗುತ್ತಿತ್ತು, ವ್ಯವಹಾರ ಕೆಡುತ್ತಿತ್ತು. ಆಲ್ ಇಂಡಿಯ ಸ್ಟೋರ್ಸ್ ಎಂಬ ಕಂಪೆನಿಯಲ್ಲಿ ಅವನ ಹೆಸರಿತ್ತು. ಗಾಂಧಿಯವರ ಮಗನೆಂಬ ನಂಬಿಕೆಯ ಮೇಲೆ ಅದರಲ್ಲಿ ಹಣ ಹಾಕಿದ ಒಬ್ಬರ ಪರವಾಗಿ ಲಯಾಲ್‌ಪುರದ ವಕೀಲರು ವಿಚಾರಿಸಿ ಬರೆದರು. 1925ರ ಜೂನ್ ತಿಂಗಳ ಯಂಗ್ ಇಂಡಿಯಾದಲ್ಲಿ ಗಾಂಧೀಜಿ ಆ ಪತ್ರವನ್ನೇ ಪ್ರಕಟಿಸಿ ಉತ್ತರವಿತ್ತರು. ಅವನು ತಮ್ಮ ಮಗನೆಂಬುದು ನಿಜ. ಮೂವತ್ತಾರು ದಾಟಿದವನು, ಹದಿನೈದು ವರ್ಷಗಳಿಂದ ತನ್ನ ದಾರಿ ತಾನು ನೋಡಿಕೊಂಡವನು. ಅವನ ವ್ಯವಹಾರಗಳು ತಮಗೆ ತಿಳಿಯವು, ಅವುಗಳಿಗೆ ತಾವು ಹೊಣೆಯಲ್ಲ. ದೊಡ್ಡ ಹೆಸರನ್ನು ನೋಡಿ ಯಾರೂ ಹಣ ಹಾಕಬಾರದು. ತಾತ್ಪರ್ಯ ಇಷ್ಟು. ಮಗನ ಮೇಲಿನ ಪ್ರೀತಿಯನ್ನೂ ಅವರು ಅಲ್ಲಿ ಮುಚ್ಚಿಡಲಿಲ್ಲ.

ದೇಶವೆಲ್ಲ ಓದುವ ಪತ್ರಿಕೆಯಲ್ಲಿ ತಂದೆ ಹೀಗೆ ಬರೆಯಬಹುದೇ ಎಂದು ನನ್ನ ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ಸಹಜವಾದುದು. ನನ್ನ ಉತ್ತರ, ಬರೆಯಬಹುದು ಎಂದು; ಬರೆಯದಿದ್ದರೆ ತಪ್ಪಾಗುತ್ತಿತ್ತು ಎಂದು ಕೂಡ. ಗಾಂಧೀಜಿ ಮಗನ ವಿಷಯದಲ್ಲಿ ಎಳೆದ ಗೆರೆಗಳು ಎರಡು ಬಗೆಯವು. ಏನು ಓದಬೇಕು, ಯಾವಾಗ ಮದುವೆಯಾಗಬೇಕು, ಹೇಗೆ ಬಾಳಬೇಕು ಎಂಬ ಮೊದಲಿನ ಗೆರೆಗಳು ಮಗನ ಬಾಳಿನ ಅಂಗಳದಲ್ಲಿ ಎಳೆದವು. ತನ್ನ ಹೆಸರು ಯಾವುದಕ್ಕೆ ಒತ್ತೆಯಾಗಬಾರದು, ತನ್ನ ವಶದಲ್ಲಿರುವ ಹಣ ಯಾವುದಕ್ಕೆ ಹೋಗಬಾರದು ಎಂಬ ಈ ಗೆರೆ ತನ್ನ ಅಂಗಳದಲ್ಲಿಯೇ ಎಳೆದುದು. ಮೊದಲ ಬಗೆಯದು ಆಜ್ಞೆ. ಎರಡನೆಯದು ಮೇರೆ. ಇವೆರಡನ್ನೂ ಒಂದೇ ಎಂದು ತಿಳಿದ ತಾಯ್ತಂದೆಯರು ಬೇಕಾದಲ್ಲಿ ಸಡಿಲರಾಗಿ ಬೇಡವಾದಲ್ಲಿ ಕಠಿಣರಾಗುತ್ತಾರೆ. ಹುಡುಗ ಇಂಜಿನಿಯರೇ ಆಗಬೇಕೆಂದು ಪಟ್ಟು ಹಿಡಿದ ತಂದೆಯೇ, ಅವನು ಮುಂದೆ ಮಾಡಿದ ಸಾಲವನ್ನು ಊರಿಗೆ ತಿಳಿಯದಂತೆ ಮೂರು ಸಲ ತೀರಿಸಿ, ನಾಲ್ಕನೆಯ ಸಲ ಏನು ಮಾಡಲೆಂದು ಕಾಲೇಜಿನ ಜಗಲಿಯಲ್ಲಿ ನಿಂತು ನನ್ನಂಥವರನ್ನು ಕೇಳುವುದನ್ನು ನಾನು ಕಂಡಿದ್ದೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಾದೆ ನಗುತ್ತದೆ. ಆ ತಂದೆಯ ಮುಖ ನೋಡಿದವರಿಗೆ ನಗು ಬಾರದು. ಕಣ್ಣಿಲ್ಲದ ಧೃತರಾಷ್ಟ್ರನ ವಾತ್ಸಲ್ಯ ಒಂದು ಕುಲವನ್ನೇ ಮುಳುಗಿಸಿದುದನ್ನು ನಮ್ಮ ಕವಿಗಳು ಹೇಳಿದ್ದಾರೆ. ಆದರೆ ಅದೇ ಕಥೆಯಲ್ಲಿ ಗಾಂಧಾರಿಯೂ ಇದ್ದಾಳೆ. ಯುದ್ಧಕ್ಕೆ ಹೊರಟ ಮಗ ಜಯದ ಹರಕೆ ಬೇಡಿದಾಗ ಅವಳು ಧರ್ಮವಿದ್ದಲ್ಲಿ ಜಯವೆಂದಷ್ಟೇ ಹೇಳಿದಳು. ಅವನು ಮಡಿದಾಗ ಎಲ್ಲರಿಗಿಂತ ಹೆಚ್ಚು ಅತ್ತಳು.

ಕಸ್ತೂರಬಾ ಅವರ ಸ್ಥಿತಿ ಇನ್ನೂ ಬಿಗಿಯಾದುದು. ಗುಟ್ಟಾಗಿ ಕೊಡಲು ಅವರ ಬಳಿ ಏನೂ ಇರುವಂತಿರಲಿಲ್ಲ. ಆಶ್ರಮದ ನಿಯಮದಂತೆ ಯಾರೂ ಸ್ವಂತ ಹಣ ಇಟ್ಟುಕೊಳ್ಳಬಾರದು. ಯಾರೋ ಕಾಣಿಕೆಯಾಗಿ ಕೊಟ್ಟ ನಾಲ್ಕು ರೂಪಾಯಿಗಳನ್ನು ಅವರು ಕಚೇರಿಗೆ ಒಪ್ಪಿಸದೆ ಇಟ್ಟುಕೊಂಡಿದ್ದುದನ್ನು 1929ರಲ್ಲಿ ಪತಿಯೇ ತಮ್ಮ ಪತ್ರಿಕೆಯಲ್ಲಿ ಹೆಸರಿಸಿ ಬರೆದರು. ಅದನ್ನು ಓದುವಾಗ ನನಗೆ ಗಾಂಧೀಜಿಯವರ ಸತ್ಯನಿಷ್ಠೆಗಿಂತ ಆ ವೃದ್ಧೆಯ ಅವಮಾನವೇ ಮೊದಲು ಕಣ್ಣಿಗೆ ಕಟ್ಟುತ್ತದೆ. ಆದರೂ ಅವರು ಆಶ್ರಮದಲ್ಲಿಯೇ ಉಳಿದರು; ಮಗನ ಪಕ್ಷಕ್ಕಾಗಲಿ ದ್ವೇಷಕ್ಕಾಗಲಿ ಆ ಅವಮಾನವನ್ನು ಬಳಸಲಿಲ್ಲ.

ಮಧ್ಯಪ್ರಾಂತದ ಕಟ್ನಿ ನಿಲ್ದಾಣದ ಪ್ರಸಂಗ ಅನೇಕರಿಗೆ ಗೊತ್ತಿದ್ದೀತು. ಗಾಂಧಿ ದಂಪತಿಗಳಿದ್ದ ರೈಲು ಅಲ್ಲಿ ನಿಂತಿತು. ಜನ ಮಹಾತ್ಮರಿಗೆ ಜಯಕಾರ ಹಾಕುತ್ತಿದ್ದಾಗ ಒಂದು ಧ್ವನಿ ಮಾತ್ರ ಕಸ್ತೂರಬಾ ಅವರಿಗೆ ಜಯವೆಂದು ಕೂಗಿತು. ನೋಡಿದರೆ ಹರಿಲಾಲ: ಹರಿದ ಬಟ್ಟೆ, ಬಿದ್ದುಹೋದ ಹಲ್ಲು. ಜೇಬಿನಿಂದ ಒಂದು ಕಿತ್ತಳೆಹಣ್ಣು ತೆಗೆದು ತಾಯಿಗೆ ಕೊಟ್ಟನು. ತನಗೇನಿಲ್ಲವೇ ಎಂದು ತಂದೆ ಕೇಳಿದರೆ ಇಲ್ಲವೆಂದನು. ಅವರ ಹಿರಿಮೆಯೆಲ್ಲ ಬಾ ಅವರಿಂದ ಬಂದುದೆಂದು ತಂದೆಗೆ ನೆನಪಿಸಿದನು. ಹಣ್ಣನ್ನು ತಾಯಿಯೊಬ್ಬಳೇ ತಿನ್ನಬೇಕೆಂದು ಮಾತು ತೆಗೆದುಕೊಂಡನು. ತಮ್ಮೊಡನೆ ಬಾ ಎಂದು ಕರೆದರೆ, ಕಾಲ ಮೀರಿತೆಂದು ತಲೆಯಾಡಿಸಿದನು. ರೈಲು ಚಲಿಸಿದ ಮೇಲೆ ತಾಯಿಗೆ ನೆನಪಾಯಿತು: ಮಗ ಹಸಿದಿದ್ದಾನು, ಬುಟ್ಟಿಯಲ್ಲಿ ಹಣ್ಣುಗಳಿದ್ದರೂ ಒಂದನ್ನೂ ಅವನಿಗೆ ಕೊಡಲಿಲ್ಲ. ಈ ಪ್ರಸಂಗವನ್ನು ಕಥೆಯಾಗಿ ಹೇಳುವವರು ಮಗನ ಹಣ್ಣನ್ನು ನೆನೆಯುತ್ತಾರೆ. ತಾಯಿ ಕೊಡಬಯಸಿದ ಹಣ್ಣನ್ನು ನಾವು ಗಮನಿಸಬೇಕು. ಮನೆಗೆ ಬರುವುದಾದರೆ ಬಾ, ಹಸಿದಿದ್ದರೆ ಉಣ್ಣು ಎಂಬುದು ಆಕೆಯ ನೀತಿ. ಹಣ ಕೊಡುವ, ಅವನ ಪರವಾಗಿ ಸುಳ್ಳು ಹೇಳುವ, ಅವನು ಮಾಡಿದುದನ್ನು ಸರಿಯೆನ್ನುವ ಮಾತು ಅದರಲ್ಲಿ ಇರಲಿಲ್ಲ.

1936ರ ಮೇ ತಿಂಗಳ ಕೊನೆಯಲ್ಲಿ ಹರಿಲಾಲ ಮುಂಬಯಿಯಲ್ಲಿ ಇಸ್ಲಾಂ ಮತವನ್ನು ಸ್ವೀಕರಿಸಿ ಅಬ್ದುಲ್ಲಾ ಎನಿಸಿದನು. ಹೃದಯಪೂರ್ವಕವಾದ ಮತಾಂತರವಾದರೆ ತಮಗೆ ಅಭ್ಯಂತರವಿಲ್ಲ, ಆದರೆ ಇದರ ಹಿಂದೆ ಹಣದ ಆಸೆಯಿರಬಹುದೆಂದು ತಮಗೆ ಭಯವಿದೆ ಎಂದು ತಂದೆ ಹೇಳಿಕೆಯಿತ್ತರು. ಸಾಲದಲ್ಲಿ ಮುಳುಗಿದ ಒಬ್ಬ ಕುಡುಕನನ್ನು ಸಭೆಯಿಂದ ಸಭೆಗೆ ಮೆರೆಯಿಸುವವರು ಆಗ ಇದ್ದರು. ಅದೇ ವರ್ಷದ ನವೆಂಬರಿನಲ್ಲಿ ಅವನು ಆರ್ಯಸಮಾಜದ ಮೂಲಕ ಹಿಂದಿರುಗಿದನು. ಆಗಲೂ ಅವನನ್ನು ಮೆರೆಯಿಸುವವರಿಗೆ ಕೊರತೆಯಾಗಲಿಲ್ಲ.

ಈ ನಡುವೆ, ಮದರಾಸಿನಲ್ಲಿ ಅವನು ಮಧ್ಯರಾತ್ರಿ ಕುಡಿದು ಗಲಭೆಮಾಡಿ ಪೋಲೀಸರ ಕೈಗೆ ಸಿಕ್ಕಿ ಅಲ್ಪ ದಂಡ ತೆತ್ತು ಬಿಡುಗಡೆಯಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಆಗ ಕಸ್ತೂರಬಾ ಮಾಡಿದ ಕೆಲಸ ಅವರ ಬಾಳಿನಲ್ಲಿ ಅಪೂರ್ವವಾದುದು. ಅಕ್ಷರವನ್ನು ತಡವಾಗಿ ತಡವರಿಸಿ ಕಲಿತ ಆ ತಾಯಿಯ ಹೆಸರಿನಲ್ಲಿ ಮಗನಿಗೆ ಬಹಿರಂಗ ಪತ್ರವೊಂದು ಪ್ರಕಟವಾಯಿತು. ಅದರ ಮಾತುಗಳನ್ನು ಇಲ್ಲಿ ಉದ್ಧರಿಸುವುದಿಲ್ಲ. ಅದರ ಕಟ್ಟನ್ನು ಮಾತ್ರ ತೋರಿಸುತ್ತೇನೆ. ಮೊದಲು ತನಗೇನಾಗುತ್ತಿದೆಯೆಂದು ಹೇಳುತ್ತಾರೆ: ದಿನ ಬೆಳಗಾದರೆ ಪತ್ರಿಕೆಯಲ್ಲಿ ಏನು ಬಂದಿರುವುದೋ ಎಂದು ನಡುಗುವ ವೃದ್ಧ ತಾಯಿಯ ಪಾಡು. ಬಳಿಕ ಅವನು ಮಾಡಿದುದನ್ನು ಮರೆಮಾಚದೆ ಹೆಸರಿಸುತ್ತಾರೆ. ಆಮೇಲೆ ಏನು ತೆರೆದಿದೆಯೆಂದು ತಿಳಿಸುತ್ತಾರೆ: ತಂದೆ ಕ್ಷಮಿಸಲು ಸಿದ್ಧರಿದ್ದಾರೆ, ಮನೆಗೆ ಬಂದರೆ ಅನ್ನ ಬಟ್ಟೆ ಶುಶ್ರೂಷೆಗಳಿವೆ. ಕೊನೆಗೆ, ಮಗನನ್ನು ಮೆರೆಯಿಸುತ್ತಿದ್ದ ಮುಸ್ಲಿಂ ಮಿತ್ರರ ಕಡೆಗೆ ತಿರುಗುತ್ತಾರೆ. ಅವರ ಮತವನ್ನು ಹಳಿಯುವುದಿಲ್ಲ. ಇಂಥ ಸ್ಥಿತಿಯಲ್ಲಿರುವವನನ್ನು ಮುಂದಿಟ್ಟುಕೊಳ್ಳುವುದು ಭಗವಂತನ ದೃಷ್ಟಿಯಲ್ಲಿ ಸರಿಯೇ, ಅವನಿಗೆ ಇದರಿಂದ ಒಳಿತಾಯಿತೇ ಎಂದು ಕೇಳುತ್ತಾರೆ.

ಮಗನಿಗೆ ಗದರಿಕೆಯಿಲ್ಲ, ಶಾಪವಿಲ್ಲ, ಇನ್ನು ನೀನು ನನ್ನ ಮಗನಲ್ಲವೆಂಬ ಮಾತಿಲ್ಲ. ಹಾಗೆಂದು ಹೋಗಲಿ ಬಿಡು ಎಂಬ ಮಾತೂ ಇಲ್ಲ. ನೊಂದುದನ್ನು ನೊಂದೆನೆಂದು ಹೇಳುವುದು, ತಪ್ಪನ್ನು ತಪ್ಪೆನ್ನುವುದು, ಏನು ಕೊಡಬಲ್ಲೆವೆಂಬುದನ್ನು ತಿಳಿಸಿ ಅಷ್ಟಕ್ಕೆ ನಿಲ್ಲುವುದು, ಅವನ ದೌರ್ಬಲ್ಯವನ್ನು ಬಳಸಿಕೊಳ್ಳುವವರನ್ನು ತಡೆಯುವುದು: ಈ ನಾಲ್ಕೂ ಒಂದೇ ಪತ್ರದಲ್ಲಿವೆ. ಮದ್ಯವ್ಯಸನವನ್ನು ಆ ಕಾಲ ಪಾಪವೆಂದು ತಿಳಿದಿತ್ತು. ಇಂದಿನ ವೈದ್ಯಶಾಸ್ತ್ರ ಅದನ್ನು ಚಿಕಿತ್ಸೆ ಬೇಡುವ ರೋಗವೆಂದು ಬಗೆಯುತ್ತದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಅದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಕುಡಿತಕ್ಕೆ ಹಣ ಒದಗಿಸಬೇಡಿ, ಅದರ ಫಲವನ್ನು ಮುಚ್ಚಿಹಾಕಬೇಡಿ, ಆದರೆ ಚಿಕಿತ್ಸೆಯ ಬಾಗಿಲನ್ನು ತೆರೆದಿಡಿ ಎಂದು ಬಲ್ಲವರು ಈಗ ಮನೆಯವರಿಗೆ ಹೇಳುತ್ತಾರೆ. ಓದು ಬಾರದ ತಾಯಿ ಆ ದಾರಿಯನ್ನು ಅನುಭವದಿಂದಲೇ ಕಂಡುಕೊಂಡಿದ್ದರು.

ಪತ್ರದಿಂದ ಮಗ ತಿದ್ದಿಕೊಂಡನೇ? ಇಲ್ಲ. ಇದನ್ನು ಮರೆಮಾಡಿದರೆ ಈ ಚರಿತ್ರೆ ಬರಿಯ ನೀತಿಕಥೆಯಾದೀತು. 1942ರ ಆಗಸ್ಟ್ 9ರಂದು ಕಸ್ತೂರಬಾ ಮುಂಬಯಿಯಲ್ಲಿ ಬಂಧಿತರಾಗಿ ಪುಣೆಯ ಆಗಾಖಾನ್ ಅರಮನೆಯ ಸೆರೆಗೆ ಹೋದರು. ಆರೇ ದಿನಗಳಲ್ಲಿ ಮಹದೇವ ದೇಸಾಯಿ ಅಲ್ಲಿ ಕಣ್ಣೆದುರಿಗೇ ತೀರಿಕೊಂಡರು. ಬಾ ಅವರ ಹೃದಯ, ಶ್ವಾಸಕೋಶ ಎರಡೂ ದುರ್ಬಲವಾದವು. 1944ರ ಮೊದಲಲ್ಲಿ ಅವರು ಹಾಸಿಗೆ ಹಿಡಿದಾಗ ಹರಿಲಾಲನನ್ನು ನೋಡಬೇಕೆಂದು ಹಂಬಲಿಸಿದರು. ಅವನಿಗೆ ಒಂದೇ ಭೇಟಿಗೆ ಸರಕಾರ ಅನುಮತಿಯಿತ್ತಿದೆಯೆಂದು ಕೇಳಿದಾಗ ಮಕ್ಕಳಲ್ಲಿ ಭೇದವೆಣಿಸುತ್ತಾರೆಂದು ಸಿಟ್ಟಾದರು. ಫೆಬ್ರುವರಿಯಲ್ಲಿ, ಸಾವಿಗೆ ಕೆಲವೇ ದಿನಗಳ ಮುಂಚೆ, ಅವನು ಬಂದನು, ಕುಡಿದು ಬಂದನು. ಅದನ್ನು ಕಂಡ ತಾಯಿ ಹಣೆ ಚಚ್ಚಿಕೊಂಡು ಅತ್ತರು. ಅವನನ್ನು ಹೊರಗೆ ಕರೆದೊಯ್ಯಬೇಕಾಯಿತು. ಫೆಬ್ರುವರಿ 22ರಂದು, ಶಿವರಾತ್ರಿಯ ದಿನ, ಎಪ್ಪತ್ತನಾಲ್ಕು ವರ್ಷದ ಕಸ್ತೂರಬಾ ಪತಿಯ ತೊಡೆಯ ಮೇಲೆ ಪ್ರಾಣ ಬಿಟ್ಟರು. ಮರುದಿನ ಅರಮನೆಯ ಅಂಗಳದಲ್ಲಿ ಚಿತೆಗೆ ಬೆಂಕಿಯಿಟ್ಟವರು ಕಿರಿಯ ಮಗ ದೇವದಾಸರು.

ಅಲ್ಲಿಂದಾಚೆಗೆ ಈ ಕಥೆ ಕೊಂಚ ಹೊತ್ತು ನಮ್ಮ ನಾಡಿಗೂ ಬಂದುಹೋಗುತ್ತದೆ. ಹರಿಲಾಲನ ಮಗ ಕಾಂತಿಲಾಲ ವೈದ್ಯಶಿಕ್ಷಣಕ್ಕಾಗಿ ಮೈಸೂರಿನಲ್ಲಿದ್ದಾಗ ತಂದೆಯನ್ನು ಮನೆಯಲ್ಲಿ ಇರಿಸಿಕೊಂಡನು. ಸೊಸೆ ಸರಸ್ವತಿ ಅವನನ್ನು ಅಕ್ಕರೆಯಿಂದ ನೋಡಿಕೊಂಡಳು. ಕೆಲವು ಕಾಲ ಅವನು ಕುಡಿತ ಬಿಟ್ಟಿದ್ದನು; ಬಳಿಕ ಮತ್ತೆ ಹೊರಟುಹೋದನು. ಆ ಕಾಂತಿಲಾಲನ ಬಾಲ್ಯದ ಪಾಲನೆಯಲ್ಲಿ ಅಜ್ಜಿಗೂ ಪಾಲಿತ್ತು. ತನ್ನನ್ನು ತಬ್ಬಲಿಯಾಗಿ ಬಿಟ್ಟುಹೋದ ತಂದೆಗೆ ಮಗ ತನ್ನ ಮನೆಯಲ್ಲಿ ಹಾಸಿಗೆ ಹಾಸಿದನು ಎಂದರೆ, ಬಾ ಅವರು ಮೊಮ್ಮಕ್ಕಳಿಗೆ ಅಪ್ಪನ ಮೇಲಿನ ಹಗೆಯನ್ನು ಕಲಿಸಿರಲಿಲ್ಲವೆಂದು ತಾನೇ ಅರ್ಥ? ಅವರು ಮಗನಿಗಾಗಿ ತೆರೆದಿಟ್ಟ ಬಾಗಿಲು ಅವರು ತೀರಿಕೊಂಡ ಮೇಲೂ ಬೇರೊಂದು ಮನೆಯಲ್ಲಿ ತೆರೆದೇ ಇತ್ತು. ಗಾಂಧೀಜಿಯವರ ಕೊಲೆಯಾದ ವರ್ಷವೇ, 1948ರ ಜೂನ್ 18ರಂದು, ಹರಿಲಾಲ ಮುಂಬಯಿಯ ಕ್ಷಯರೋಗದ ಆಸ್ಪತ್ರೆಯಲ್ಲಿ ತೀರಿಕೊಂಡನು.

ಮೇರೆ ಹಾಕಿದರೆ ಮಗ ಸರಿಹೋದಾನು ಎಂದು ನಂಬಿ ಮೇರೆ ಹಾಕುವ ತಾಯ್ತಂದೆಯರಿಗೆ ಈ ಜೀವನ ಸಮಾಧಾನ ಹೇಳಲಾರದು. ಹರಿಲಾಲ ತಂದೆಯ ಕಠೋರತೆಯಿಂದಲೂ ಉಳಿಯಲಿಲ್ಲ, ತಾಯಿಯ ಮಮತೆಯಿಂದಲೂ ಉಳಿಯಲಿಲ್ಲ. ಆದರೆ ಉಳಿದುದು ಕೆಲವುಂಟು. ಅವನ ಹೆಸರಿನಿಂದ ಮೋಸಹೋಗಬಹುದಾಗಿದ್ದವರು ಎಚ್ಚರಗೊಂಡರು. ಅವನ ಮಕ್ಕಳು ಬೀದಿಗೆ ಬೀಳದೆ ಬೆಳೆದರು. ತಂದೆಯೊಡನೆ ಜಗಳ ಮುಗಿಯದಿದ್ದರೂ, ಜಗತ್ತಿನಲ್ಲಿ ತನ್ನನ್ನು ಸುಳ್ಳು ಹೇಳದೆ ಪ್ರೀತಿಸುವ ಒಬ್ಬಳಿದ್ದಾಳೆಂಬುದು ಅವನಿಗೆ ಕೊನೆಯವರೆಗೂ ಗೊತ್ತಿತ್ತು. ಕಟ್ನಿಯ ಕೂಗಿಗೆ ಬೇರೆ ಅರ್ಥವಿಲ್ಲ. ಕಸ್ತೂರಬಾ ಅವರನ್ನು ನಾವು ಮಹಾತ್ಮರ ಪತ್ನಿಯೆಂದು ಗೌರವಿಸುತ್ತೇವೆ. ಅದು ಅವರಿಗೆ ಸಲ್ಲತಕ್ಕದ್ದೇ. ಕೆಟ್ಟ ಮಗನಿಗೆ ಒಳ್ಳೆಯ ತಾಯಿಯಾಗಿ ಐವತ್ತಾರು ವರ್ಷ ಬಾಳಿದ ಹೆಣ್ಣೆಂದು ಗೌರವಿಸುವುದೂ ಸಲ್ಲತಕ್ಕದ್ದು. ಆ ಎರಡನೆಯ ಗೌರವವನ್ನು ಅವರಿಗೆ ಸಲ್ಲಿಸಬಲ್ಲವರು ನಮ್ಮ ನೆರೆಹೊರೆಯ ಮನೆಗಳಲ್ಲಿಯೇ, ರಾತ್ರಿ ಬಾಗಿಲ ಸದ್ದಿಗಾಗಿ ಕಿವಿಗೊಟ್ಟು ಕುಳಿತಿದ್ದಾರೆ.